ಮೊಣಕಾಲೆತ್ತರಕ್ಕೆ ಸವರಿದ ಮಲ್ಲಿಗೆ

ಮಗಳು ಅನುರಾಧಾಳ ಮದುವೆಗೆ ಪೇಟೆಯ ಒಂದು ಮೊಗ್ಗೂ ಮುಟ್ಟಿಸುವುದಿಲ್ಲ, ಈ ಗಿಡದ ಮಲ್ಲಿಗೆಯಲ್ಲೇ ಜಡೆ ಹೆಣೆಸುತ್ತೇನೆ ಎಂದು ಭುವನೇಶ್ವರಿ ತನ್ನ ಅತ್ತೆ ಶಿವಬಸಮ್ಮನಿಗೆ ಮಾತು ಕೊಟ್ಟಾಗ ಹುಡುಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಶಿವಬಸಮ್ಮ ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಹಾಸಿಗೆಯನ್ನು ಪಡಸಾಲೆಗೆ ತರಿಸಿಕೊಂಡು, ಅಂಗಳದ ಮೂಲೆಯ ದುಂಡುಮಲ್ಲಿಗೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಸೊಸೆ ಕೊಟ್ಟ ಮಾತನ್ನು ಕೇಳಿ ಕೈ ಹಿಡಿದು ಒಮ್ಮೆ ಒತ್ತಿದಳು, ಅಷ್ಟೆ. ಆ ಒತ್ತು ಭುವನೇಶ್ವರಿಯ ಅಂಗೈಯಲ್ಲಿ ಹಾಗೇ ಉಳಿದುಬಿಟ್ಟಿತು.

ಗಿಡ ಶಿವಬಸಮ್ಮನ ತವರಿನದು. ರಾಯಚೂರಿನ ಹತ್ತಿರದ ಯರಗೇರಾದಿಂದ ನಾರಾಯಣಪೇಟೆಗೆ ಮದುವೆಯಾಗಿ ಬರುವಾಗ ಬೇರು ಬಿಟ್ಟ ಕಡ್ಡಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಅಲ್ಲಿಂದೀಚೆಗೆ ಆ ಮನೆಯಿಂದ ಹೋದ ಹೆಣ್ಣುಮಕ್ಕಳಿಗೂ ಆ ಮನೆಗೆ ಬಂದ ಸೊಸೆಯರಿಗೂ ಮದುವೆಯ ದಿನದ ಮೊಗ್ಗಿನ ಜಡೆ ಅದರದೇ. ಲಗ್ನವನ್ನೂ ವೈಶಾಖದಲ್ಲೇ ಇಡಿಸುತ್ತಿದ್ದರು, ಗಿಡ ಕೊಡುವ ಕಾಲ ಅದು ಎಂದು. ಭುವನೇಶ್ವರಿಯ ಬೆನ್ನ ಮೇಲೂ ಅದೇ ಜಡೆ ಇಳಿಬಿದ್ದಿತ್ತು. ಅದರ ಭಾರಕ್ಕೆ ಕತ್ತು ನೊಂದಿದ್ದು ಅವಳಿಗೆ ಇಂದಿಗೂ ನೆನಪು.

ಮಾತು ಉಳಿಸಿಕೊಳ್ಳಲು ಅವಳು ಕಂಡುಕೊಂಡ ದಾರಿ ಒಂದೇ: ಗಿಡಕ್ಕೆ ಯಾರ ಕತ್ತಿಯೂ ತಾಗದಂತೆ ಕಾಯುವುದು. ಶಿವಬಸಮ್ಮ ವರ್ಷಕ್ಕೊಮ್ಮೆ ಕುಡುಗೋಲು ಹಿಡಿದು ಗಿಡದ ಹತ್ತಿರ ಹೋಗುತ್ತಿದ್ದುದು ನಿಜ. ಆದರೆ ಯಾವಾಗ ಹೋಗುತ್ತಿದ್ದಳು, ಎಷ್ಟು ಕಡಿಯುತ್ತಿದ್ದಳು ಎಂದು ನಿಂತು ನೋಡುವಷ್ಟು ಪುರುಸೊತ್ತು ಸೊಸೆಗೆ ಆಗಿರಲಿಲ್ಲ. ನಸುಕಿನಲ್ಲಿ ಒಲೆ ಹೊತ್ತಿಸಿದರೆ ಮಧ್ಯಾಹ್ನದವರೆಗೂ ಜೋಳದ ರೊಟ್ಟಿ ಬಡಿಯುವ ಕೆಲಸ. ಬಸ್ ನಿಲ್ದಾಣದ ಖಾನಾವಳಿಗಳಿಗೆ ಅವಳ ರೊಟ್ಟಿಯೇ ಹೋಗಬೇಕು. ಗಂಡ ಗುರುಪ್ರಸಾದ ಮಕ್ತಲಿನ ಹತ್ತಿ ಮಿಲ್ಲಿನಲ್ಲಿ ತೂಕದ ಕಾಟಾದ ಮುಂದೆ ಕೂರುವವನು, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಅತ್ತೆ ಹೋದ ಮೇಲೆ ಗಿಡದ ಗೊಡವೆಗೆ ಯಾರೂ ಹೋಗಲಿಲ್ಲ. ಗಿಡ ತನ್ನ ಪಾಡಿಗೆ ತಾನು ಬೆಳೆದು, ಬಚ್ಚಲಿನ ತಗಡು ಹತ್ತಿ, ಗೋಡೆ ದಾಟಿ, ಒಳಗೆಲ್ಲ ಒಣ ಕಡ್ಡಿ ತುಂಬಿಕೊಂಡು ಪೊದೆಯಾಯಿತು. ಹೂವು ಬಿಟ್ಟರೂ ತಗಡಿನ ಮೇಲೆ, ಕೈಗೆ ಸಿಗದ ಕಡೆ. ಹೋದ ಬೇಸಿಗೆಯಲ್ಲಂತೂ ಒಂದು ಬೊಗಸೆ ಸಿಕ್ಕಿದ್ದೇ ಹೆಚ್ಚು.

ದಸರೆ ಮುಗಿದ ಮೇಲೆ ಗದ್ವಾಲದ ಹುಡುಗನ ಜೊತೆ ಅನುರಾಧಾಳ ಸಂಬಂಧ ಕೂಡಿಬಂತು. ಲಗ್ನ ವೈಶಾಖಕ್ಕೆ. ಮಾತುಕತೆಯ ದಿನ ಬೀಗಿತಿ ಬಸವೇಶ್ವರಿ ಚಹಾ ಕುಡಿಯುತ್ತ ಅಂಗಳದ ಪೊದೆಯ ಕಡೆ ನೋಡಿ, ಅದೇನು ಎಂದು ಕೇಳಿದಳು. ಭುವನೇಶ್ವರಿ ಯರಗೇರಾದಿಂದ ಹಿಡಿದು ತನ್ನ ಜಡೆಯವರೆಗೂ ಕಥೆ ಹೇಳಿ, ನಿಮ್ಮ ಸೊಸೆಯ ಜಡೆಯೂ ಇದರದೇ ಎಂದುಬಿಟ್ಟಳು. ಹೇಳಿದ ಮೇಲೆ ಹೋದ ಬೇಸಿಗೆಯ ಲೆಕ್ಕ ನೆನಪಾಯಿತು. ಬೊಗಸೆ ಹೂವಿಗೆ ಜಡೆ ಆಗುತ್ತದೆಯೇ?

ಬಸ್ ನಿಲ್ದಾಣದ ಮುಂದೆ ಹೂವು ಮಾರುವ ಕುರುಮಮ್ಮನನ್ನು ಗಿಡಕ್ಕೆ ಏನು ಮಾಡಲಿ ಎಂದು ಕೇಳಿದಳು. ಕುರುಮಮ್ಮ ದಾರ ಹಲ್ಲಲ್ಲಿ ಕಚ್ಚಿಕೊಂಡೇ ತೆಲುಗಿನಲ್ಲಿ, "ಕೊಟ್ಟೇಯ್ ಅಮ್ಮಾ, ಏಂ ಕಾದು," ಅಂದಳು. ಕಡಿದು ಹಾಕು, ಏನೂ ಆಗುವುದಿಲ್ಲ. ಮಲ್ಲಿಗೆ ಮೊಗ್ಗು ಹಿಡಿಯುವುದು ಹೊಸ ಚಿಗುರಿಗೆ, ಹಳೇ ಕಟ್ಟಿಗೆಗಲ್ಲ ಎಂದೂ ಸೇರಿಸಿದಳು. ಭುವನೇಶ್ವರಿ ತಲೆಯಾಡಿಸಿ ಬಂದಳು. ದಾರಿಯುದ್ದಕ್ಕೂ ಯೋಚಿಸಿದ್ದು ಬೇರೆ: ನನ್ನ ಗಿಡ ಹೋದರೆ ಜಡೆಗೆ ಹೂವು ಮಾರುವವಳು ಯಾರು? ಇವಳೇ ಅಲ್ಲವೇ?

ಇಷ್ಟರ ನಡುವೆ ಮೈದುನ ಉದಯಕುಮಾರ ಗಿಡ ಸವರಿಕೊಡುತ್ತೇನೆ ಎಂದು ತಾನಾಗಿ ಮುಂದೆ ಬಂದ. ಅವಳಿಗೆ ಹೆಚ್ಚು ಅನುಮಾನ ತಂದದ್ದೇ ಅದು, ಯಾರೂ ಕೇಳದೆ ಬಂದದ್ದು.

ಅಣ್ಣತಮ್ಮಂದಿರು ಬೇರೆಯಾದಾಗ ಮನೆಯ ನಡುವೆ ಗೋಡೆ ಎದ್ದಿತ್ತು. ಗೆರೆ ಸರಿಯಾಗಿ ಮಲ್ಲಿಗೆಯ ಬುಡದ ಮೇಲೆ ಬಿತ್ತು. ಶಿವಬಸಮ್ಮ ಗೋಡೆ ಕಟ್ಟುವ ಗೌಂಡಿಯ ಕೈ ಹಿಡಿದು ನಿಲ್ಲಿಸಿದ್ದರಿಂದ ಗೋಡೆ ಅಲ್ಲಿಗೇ ನಿಂತು, ಗಿಡದ ಜಾಗ ಇಬ್ಬರದೂ ಆಗಿ ಉಳಿಯಿತು. ಉದಯಕುಮಾರ ಧರೂರಿನ ಕಾಲುವೆ ಪಕ್ಕ ಹೊಲ ಗುತ್ತಿಗೆ ಹಿಡಿದು ಮಲ್ಲಿಗೆ ಹಚ್ಚಿದ್ದ. ಹೂವು ಸಾಗಿಸಲು ಟ್ರಾಲಿ ಆಟೋ ಒಂದನ್ನು ತಂದಿದ್ದ. ಗಿಡ ಅಡ್ಡವಿದ್ದುದರಿಂದ ಅದು ಒಳಗೆ ಬರುವಂತಿರಲಿಲ್ಲ, ಬೀದಿಯಲ್ಲೇ ನಿಲ್ಲುತ್ತಿತ್ತು. ಯಾರೋ ಅದರ ಕನ್ನಡಿ ಕಿತ್ತುಕೊಂಡು ಹೋದ ದಿನ, ಇದೊಂದು ಇಲ್ಲದಿದ್ದರೆ ಗಾಡಿ ಒಳಗೆ ಬಿಡಬಹುದಿತ್ತು ಎಂದು ಗಿಡದ ಕಡೆ ಕೈ ತೋರಿಸಿ ಅಂದಿದ್ದ. ಭುವನೇಶ್ವರಿ ಅದನ್ನು ಮರೆತಿರಲಿಲ್ಲ. ಪಾಲಾಗುವಾಗ ತಾಮ್ರದ ಹಂಡೆ ಸೋರುತ್ತದೆಂದು ಹೇಳಿ ಅವನು ತನ್ನ ಕಡೆ ಇಟ್ಟುಕೊಂಡದ್ದನ್ನೂ ಮರೆತಿರಲಿಲ್ಲ. ಆ ಹಂಡೆ ಇವತ್ತಿಗೂ ಅವನ ಬಚ್ಚಲಲ್ಲಿ ಕಾಯುತ್ತದೆ. ಒಂದು ಹನಿ ಸೋರಿದ್ದನ್ನು ಅವಳು ಕಂಡಿಲ್ಲ.

ಉದಯಕುಮಾರ ಗಿಡದ ಸುತ್ತ ಒಂದು ಸುತ್ತು ಹಾಕಿ, ಬುಡದ ದಪ್ಪ ನೋಡಿ, ಇದನ್ನು ಅರ್ಧಂಬರ್ಧ ಕಡಿದರೆ ಸಾಲದು ಅಂದ. ಚಳಿ ಕೂರುವ ಮುಂಚೆ, ಕಾರ್ತಿಕ ಮುಗಿಯುವುದರೊಳಗೆ ಆಗಬೇಕು.

"ಮೊಣಕಾಲ ಮಟ ತಂದುಬಿಡೂಣ್ರಿ ಅತ್ತಿಗೀ. ಅಲ್ಲಿಂದ ಹೊಸಾ ಕುಡಿ ಒಡೀತಾವು. ಮೊಗ್ಗು ಬರೂದು ಆ ಕುಡಿಗೇ."

"ಮೊಣಕಾಲ ಮಟ ಕಡದ ಮ್ಯಾಲ ಉಳಿಯೂದು ಏನಪಾ?"

"ಬೇರು ಉಳೀತೈತಲ್ರಿ."

ಅವನು ಫೋನು ತೆಗೆದು ತನ್ನ ಹೊಲದ ಹೋದ ವರ್ಷದ ವಿಡಿಯೊ ತೋರಿಸಿದ. ಸಾಲು ಸಾಲು ಮಲ್ಲಿಗೆ, ಬಿಳಿ ಮೊಗ್ಗು, ಹೆಂಗಸರು ಬಗ್ಗಿ ಕೊಯ್ಯುತ್ತಿದ್ದಾರೆ. ಯಾರ ಹೊಲದ್ದೋ ಏನೋ ಎಂದುಕೊಂಡಳು ಭುವನೇಶ್ವರಿ. ಫೋನಿನಲ್ಲಿ ಯಾವ ಹೊಲ ಬೇಕಾದರೂ ಬರುತ್ತದೆ. ಯೋಚಿಸಿ ಹೇಳುತ್ತೇನೆ ಎಂದು ಒಳಗೆ ಹೋದಳು.

ಅವಳ ಯೋಚನೆ ಮುಗಿಯುವ ಮುಂಚೆ ಗುರುಪ್ರಸಾದ ತಮ್ಮನಿಗೆ ಫೋನಿನಲ್ಲೇ ಹೂಂ ಅಂದಿದ್ದ. ಅದಾದ ಮೇಲೆ ಬಚ್ಚಲ ನೀರು ಗಿಡದ ಕಡೆ ಹರಿಯುವುದು ನಿಂತಿತು. ನೋಡಿದರೆ ಉದಯಕುಮಾರ ಮಣ್ಣಿನ ಒಡ್ಡು ಕಟ್ಟಿ ನೀರನ್ನು ಚರಂಡಿಗೆ ತಿರುಗಿಸಿದ್ದಾನೆ. ಕೇಳಿದರೆ, ಕಡಿಯುವ ಮುಂಚೆ ಗಿಡ ಒಣಗಬೇಕು ಎಂದು ಉತ್ತರ. ಒಂದು ದಿನ ಖಾನಾವಳಿಗೆ ರೊಟ್ಟಿ ಕೊಟ್ಟು ಬರುವಷ್ಟರಲ್ಲಿ ಕೆಲಸ ಅರ್ಧ ಆಗಿತ್ತು. ಅಂಗಳದ ತುಂಬ ಕೊಂಬೆ. ತಗಡಿನ ಮೇಲೆ ಬಿಸಿಲು. ಅಷ್ಟು ವರ್ಷ ನೆರಳಿದ್ದ ಕಡೆ ಬಿಸಿಲು ಕಂಡು ಅವಳಿಗೆ ಬೇರೆಯವರ ಮನೆಗೆ ಬಂದಂತಾಯಿತು.

ಗರಗಸದಿಂದ ದಪ್ಪ ಬೊಡ್ಡೆಗಳನ್ನು ಮೊಣಕಾಲೆತ್ತರಕ್ಕೆ ಕುಯ್ದು, ಉಳಿದ ಎಲೆಗಳನ್ನು ಒಂದೊಂದಾಗಿ ಕಿತ್ತು, ಕುಯ್ದ ಬಾಯಿಗಳಿಗೆ ನೀಲಿ ಬಣ್ಣದ ಏನನ್ನೋ ಉದಯಕುಮಾರ ಬಳಿಯುತ್ತಿದ್ದ. ಸುಣ್ಣಕ್ಕೆ ಮೈಲುತುತ್ತ ಕಲಸಿದ್ದು, ಗಾಯಕ್ಕೆ ಹುಳ ಬೀಳದಿರಲೆಂದು ಎಂದ. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ ಎಂಬುದು ಭುವನೇಶ್ವರಿಗೆ ಗೊತ್ತಿತ್ತು. ಆಮೇಲೆ ಬುಡದ ಸುತ್ತ ಅಗೆದು, ಮಣ್ಣು ಎಳೆದು, ಬೇರಿಗೆ ಬಿಸಿಲು ಬೀಳುವಂತೆ ಬಿಟ್ಟ.

"ಸಂಕ್ರಾಂತಿ ದಾಟೂ ತನಕ ಹನಿ ನೀರು ಕುಡಸಬ್ಯಾಡ್ರಿ. ಗಿಡ ಮಲಗಲಿ. ಆಮ್ಯಾಲ ನಾನೇ ಗೊಬ್ಬರ ಹಾಕಿ ನೀರು ಬಿಡ್ತೀನಿ," ಎಂದು ಹೇಳಿ ಕೈ ತೊಳೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಅವನ ಟ್ರಾಲಿ ಆಟೋ ಗೋಡೆಯ ಸಂದಿಯಲ್ಲಿ, ಸವರಿದ ಬೊಡ್ಡೆಗಳ ಪಕ್ಕದಲ್ಲಿ, ಅಳತೆ ತೆಗೆದು ನಿಲ್ಲಿಸಿದ ಹಾಗೆ ನಿಂತಿತ್ತು.

ಗಂಡನಿಗೆ ತೋರಿಸಿದಳು. ಜಾಗ ಖಾಲಿ ಇದ್ದರೆ ನಿಲ್ಲಿಸುತ್ತಾನೆ, ಅದರಲ್ಲೇನು ಎಂದ ಗುರುಪ್ರಸಾದ. ನಿನಗೆ ಹಾಲಿನವನ ಮೇಲೂ ಅನುಮಾನ, ಹಿಟ್ಟಿನ ಗಿರಣಿಯವನ ಮೇಲೂ ಅನುಮಾನ, ಈಗ ಮನೆಯವರ ಮೇಲೆ ಬಂತು ಎಂದು ನಕ್ಕು ಬಸ್ಸಿಗೆ ಹೊರಟ. ಅವಳಿಗೆ ನಗು ಬರಲಿಲ್ಲ. ನೀರಿಲ್ಲ, ಬೇರಿಗೆ ಬಿಸಿಲು, ತಲೆಗೆ ವಿಷ. ಕೊಲ್ಲುವುದಕ್ಕೆ ಇನ್ನೇನು ಬಾಕಿ ಉಳಿಯಿತು?

ಸೀರೆ ತರಲು ಮಗಳ ಜೊತೆ ಗದ್ವಾಲಕ್ಕೆ ಹೋಗಬೇಕಾಗಿತ್ತು. ಮಕ್ತಲಿನಲ್ಲಿ ಬಸ್ಸು ಬದಲಿಸಿ, ಜುರಾಲಾ ಅಣೆಕಟ್ಟು ದಾಟಿ ಹೋದವರು ಸೀರೆ ಕೊಂಡ ಮೇಲೆ ನೇರ ಊರಿಗೆ ತಿರುಗಲಿಲ್ಲ. ಚಿಕ್ಕಪ್ಪನ ತೋಟ ನೋಡಿಕೊಂಡು ಹೋಗೋಣ ಎಂದು ಭುವನೇಶ್ವರಿ ಧರೂರಿನ ಬಸ್ಸು ಹತ್ತಿದಳು. ಕಾಲುವೆಯ ದಂಡೆ ಹಿಡಿದು ಹೋದರೆ ಎರಡೂ ಬದಿ ಭತ್ತದ ಕೊಯ್ಲು. ನಡುವೆ ಉದಯಕುಮಾರನ ಹೊಲ. ಹೊಲದ ತುಂಬ ಮೋಟು ಕಡ್ಡಿಗಳು. ಒಂದು ಎಲೆ ಇಲ್ಲ, ಒಂದು ಹಸಿರಿಲ್ಲ. ನೆಲ ಬಿರುಕು ಬಿಟ್ಟಿದೆ, ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿದೆ. ಪಂಪಿನ ಮನೆಯ ನೆರಳಲ್ಲಿ ಕೂತಿದ್ದ ಕಾವಲಿನ ಯಲ್ಲಯ್ಯ ಎದ್ದು ಬಂದು, ಉದಯಕುಮಾರಣ್ಣ ಗಿಡ ಎಲ್ಲ ಕೊಯ್ಸಿಬಿಟ್ಟ ಎಂದು ತೆಲುಗಿನಲ್ಲಿ ಹೇಳಿ, ತಾವು ಯಾರು ಎಂದು ಕೇಳಿದ.

ಯಾಕೆ ಕೊಯ್ಸಿದ ಎಂದು ಕೇಳಿದ್ದರೆ ಯಲ್ಲಯ್ಯ ಹೇಳುತ್ತಿದ್ದನೇನೋ. ಆದರೆ ಕೇಳಿದರೆ ತಾನು ಯಾರೆಂದು ಹೇಳಬೇಕು, ಹೇಳಿದರೆ ಮಾತು ಮೈದುನನಿಗೆ ಮುಟ್ಟುತ್ತದೆ. ದಾರಿ ತಪ್ಪಿ ಬಂದೆವು ಎಂದು ಮಗಳ ಕೈ ಹಿಡಿದು ತಿರುಗಿದಳು. ಬಸ್ಸಿನಲ್ಲಿ ಅವಳಿಗೆ ಎಲ್ಲ ಹೊಂದಿಕೊಂಡಂತೆ ಕಂಡಿತು. ತನ್ನ ಹೊಲವನ್ನೇ ಒಣಗಿಸಿಕೊಂಡವನು ಅವ್ವನ ಗಿಡ ಉಳಿಸುತ್ತಾನೆಯೇ? ವಿಡಿಯೊ ಬೇರೆಯವರದೇ, ಸಂಶಯವಿಲ್ಲ.

ಅಂದಿನಿಂದ ಅವಳು ಗಿಡಕ್ಕೆ ನೀರು ಹಾಕತೊಡಗಿದಳು. ಉದಯಕುಮಾರ ನಸುಕಿನಲ್ಲೇ ಟ್ರಾಲಿ ತೆಗೆದುಕೊಂಡು ಹೋದರೆ ಕತ್ತಲಾದ ಮೇಲೇ ತಿರುಗುತ್ತಿದ್ದ. ಮಧ್ಯಾಹ್ನ ಗೋಡೆಯಾಚೆ ಅವನ ಹೆಂಡತಿ ಮಲಗಿದ ಮೇಲೆ, ಹಿಟ್ಟು ನಾದಿದ ಪರಾತ ತೊಳೆದ ನೀರನ್ನು ಬುಡಕ್ಕೆ ಸುರಿಯುವಳು. ತೆರೆದ ಬೇರಿನ ಮೇಲೆ ಮಣ್ಣು ಎಳೆದು, ಮೇಲೆ ಒಣ ಎಲೆ ಹರಡುವಳು, ಒದ್ದೆ ಕಾಣಬಾರದೆಂದು. ಪರಾತದ ನೀರು ಸಾಲದೆಂದು ತೋರಿದ ದಿನ ಕೊಡದ ನೀರು. ನೆರೆಮನೆಯ ಎಮ್ಮೆಯ ಸಗಣಿಯನ್ನು ಕದಡಿ ಹಾಕಿದ್ದೂ ಉಂಟು. ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು, ಬೆನ್ನು ಹಿಡಿದುಕೊಂಡು, ಗೋಡೆಯ ಆಚೆ ಬಾಗಿಲ ಸದ್ದಿಗೆ ಕಿವಿ ಕೊಟ್ಟು, ತನ್ನ ಮನೆಯಲ್ಲೇ ಕಳ್ಳತನ ಮಾಡುವವಳಂತೆ ಅವಳು ಅದನ್ನು ಸಾಕಿದಳು.

ಗಿಡ ಚಿಗುರಿತು. ನೀಲಿ ಬಳಿದ ಬಾಯಿಗಳ ಕೆಳಗೆ ಕೆಂಪು ಕಣ್ಣು ಒಡೆದು, ಹಸಿರು ಕುಡಿ ಹೊರಟು, ನೋಡನೋಡುತ್ತಿದ್ದಂತೆ ಮೊಳದುದ್ದ ಚಾಚಿತು. ಅಂಗೈ ಅಗಲದ ಎಲೆಗಳು. ಭುವನೇಶ್ವರಿ ಅದರ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನು ಕೊಲ್ಲಲು ನೋಡಿದ, ನಾನು ಉಳಿಸಿದೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳದಿರುವುದರಲ್ಲೇ ಒಂದು ಸುಖ ಇತ್ತು.

ಸಂಕ್ರಾಂತಿಯ ಮರುದಿನ ಉದಯಕುಮಾರ ಗೊಬ್ಬರದ ಚೀಲ ಹೊತ್ತು ಬಂದವನು ಗಿಡ ನೋಡಿ ಚೀಲ ಇಳಿಸಿ ನಿಂತ. ಒಣ ಎಲೆ ಸರಿಸಿ ಮಣ್ಣು ಹಿಡಿದು ಹಿಸುಕಿದ. ಮಣ್ಣು ಉಂಡೆ ಕಟ್ಟಿತು.

"ಅತ್ತಿಗೀ, ನೀರು ಹಾಕೀರೇನು?"

"ನಾನ್ಯಾಕ ಹಾಕ್ಲಿ? ಬಚ್ಚಲದ್ದು ಎಲ್ಲ್ಯೋ ಸೋರಿರಬೇಕು."

ಅವನು ಒಡ್ಡಿನ ಕಡೆ ನೋಡಿದ. ಒಡ್ಡು ಒಣಗಿ ಬೆಳ್ಳಗಿತ್ತು. ಒಂದು ಕುಡಿಯನ್ನು ಬೆರಳ ನಡುವೆ ಹಿಡಿದು, ತುದಿಯಿಂದ ಬುಡದವರೆಗೆ ಸವರಿಕೊಂಡು ಬಂದ. ನೀರು ಕುಡಿದ ಗಿಡ ಎಲೆ ಮಾಡುವುದರಲ್ಲೇ ಮೈಮರೆಯುತ್ತದೆ, ಹೂವಿನ ನೆನಪು ಬಿಡುತ್ತದೆ ಎಂದು ವಿವರಿಸಿದ. ಈಗಲೂ ಹೊತ್ತು ಮೀರಿಲ್ಲ. ಎಲೆ ಕಿತ್ತು, ಕುಡಿಯ ತುದಿ ಚಿವುಟಿ, ನೀರು ಪೂರ್ತಿ ನಿಲ್ಲಿಸಿ ಬಾಡಲು ಬಿಟ್ಟರೆ ವೈಶಾಖಕ್ಕೆ ಮೊಗ್ಗು ಕಂಡೀತು. ಹೇಳುತ್ತಲೇ ಎಲೆಗೆ ಕೈ ಹಾಕಿದ.

ಭುವನೇಶ್ವರಿ ಅವನ ಕೈ ಮತ್ತು ಗಿಡದ ನಡುವೆ ಬಂದು ನಿಂತಳು.

"ಸಾಕು ಉದಯಪ್ಪ. ಒಮ್ಮೆ ಕಡದದ್ದು ಸಾಕು. ನಿನಗ ಗಾಡಿ ಬಿಡಾಕ ದಾರಿ ಬೇಕು, ಅದಕ್ಕ ಈ ಗಿಡ ಸಾಯಬೇಕು. ನಾ ಏನ್ ತಿಳಿಲಾರದಾಕಿ ಅಂದ್ಕೊಂಡೀಯೇನು? ಧರೂರಾಗ ನಿನ್ನ ತ್ವಾಟ ನೋಡಿ ಬಂದೀನಿ."

ಉದಯಕುಮಾರ ಕೈ ಹಿಂದೆ ತೆಗೆದ. ಅವಳು ಧರೂರಿಗೆ ಯಾವಾಗ ಹೋಗಿದ್ದಳು, ಏನು ನೋಡಿದಳು ಎಂದು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಬಗೆಹರಿಯುತ್ತಿತ್ತೋ ಏನೋ. ಅವನ ಮುಖವೂ ಬಿಗಿದಿತ್ತು.

"ದಾರಿ ಬೇಕ್ರಿ, ಸುಳ್ಳು ಯಾಕ ಹೇಳ್ಲಿ. ಅವ್ವನ ಗಿಡಾನೂ ಬೇಕು. ಎರಡೂ ಬೇಕು ಅನ್ನಾಂವ ಕಳ್ಳ ಏನ್ರಿ?"

ಅವಳು ಗಿಡದ ಮುಂದಿನಿಂದ ಸರಿಯಲಿಲ್ಲ. ಅವನು ಗೊಬ್ಬರದ ಚೀಲ ಅಲ್ಲೇ ಬಿಟ್ಟು ಹೋದ. ಸಂಜೆಗೆ ಟ್ರಾಲಿ ಸಂದಿಯಿಂದ ಹೊರಗೆ ಬಂದು ಮೊದಲಿನ ಹಾಗೆ ಬೀದಿಯಲ್ಲಿ ನಿಂತಿತು. ಅದನ್ನು ಕಂಡು ಭುವನೇಶ್ವರಿಗೆ ಒಂದು ಗಳಿಗೆ ಗೆದ್ದೆ ಅನಿಸಿತು. ಮತ್ತೊಂದು ಗಳಿಗೆಗೆ, ಇದೂ ಏನೋ ಹೂಟ ಇರಬೇಕು ಅನಿಸಿತು. ನೀರು ಹಾಕುವುದನ್ನು ಬಿಡಲಿಲ್ಲ. ಈಗ ಕದ್ದು ಹಾಕುವ ಅಗತ್ಯವೂ ಇರಲಿಲ್ಲ.

ಶಿವರಾತ್ರಿ ಹೋಯಿತು. ಗಿಡ ಮತ್ತೆ ಎದೆಯೆತ್ತರ ಆಯಿತು, ಹಚ್ಚಗೆ, ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತ. ದಿನಾ ಬೆಳಿಗ್ಗೆ ಒಲೆಗೆ ಹೋಗುವ ಮುಂಚೆ ಎಲೆ ಸರಿಸಿ ನೋಡುವಳು. ಮೊಗ್ಗಿಲ್ಲ. ಈ ಸಲ ಚಳಿ ತಡವಾಗಿ ಹೋಯಿತು, ಅದಕ್ಕೆ ಎಂದುಕೊಂಡಳು. ಯುಗಾದಿ ಬಂತು. ಮೊಗ್ಗಿಲ್ಲ. ಉದಯಕುಮಾರ ಅಂದು ಬೇರಿಗೆ ಏನಾದರೂ ಹಾಕಿರಬೇಕು ಎಂದುಕೊಂಡಳು. ಅನುರಾಧಾ ಮಾತ್ರ ಒಮ್ಮೆ, ಪೇಟೆಯ ಹೂವಾದರೆ ಏನವ್ವ, ಯಾರಿಗೆ ಗೊತ್ತಾಗುತ್ತದೆ ಎಂದಳು. ತಾಯಿ ನೋಡಿದ ನೋಟಕ್ಕೆ ಮತ್ತೆ ಆ ಮಾತು ಎತ್ತಲಿಲ್ಲ.

ಕೊನೆಗೆ ಕುರುಮಮ್ಮನನ್ನೇ ಮನೆಗೆ ಕರೆತಂದಳು. ಮುದುಕಿ ಗಿಡದ ಸುತ್ತ ತಿರುಗಿ, ಒಂದು ಎಲೆ ಹರಿದು ಮೂಸಿ, ಮೇಕೆ ಸಾಕಿಕೊಳ್ಳಮ್ಮ, ಒಳ್ಳೆ ಮೇವು ಆಗಿದೆ ಎಂದು ಬಾಯಿ ತೆರೆದು ನಕ್ಕಳು. ಕಡಿದದ್ದು ಯಾರೋ, ಕೈ ಬಲ್ಲವನು ಅಂದಳು. ಆಮೇಲೆ ಚಳಿಗಾಲದಲ್ಲಿ ನೀರು ಕುಡಿಸಿದೆಯಾ ಎಂದು ಕೇಳಿದಳು. ಭುವನೇಶ್ವರಿ ಹೌದು ಎಂದಳು. ಯಾಕೆ ಎಂದು ಕುರುಮಮ್ಮ ಕೇಳಿದಳು. ಭುವನೇಶ್ವರಿ ಬಗ್ಗಿ ಬುಡದ ಒದ್ದೆ ಮಣ್ಣು ಮುಟ್ಟಿ ನೋಡಿದಳು.

ಅಂದು ಮಧ್ಯಾಹ್ನ ಅವಳು ಒಂದೊಂದೇ ಎಲೆ ಕಿತ್ತಳು. ಕೈಗೆ ಹಸಿರು ಅಂಟಿತು. ತುದಿ ಚಿವುಟಿದಳು, ನೀರು ನಿಲ್ಲಿಸಿದಳು. ಆದರೆ ಬಿಸಿಲು ಆಗಲೇ ಬಲಿತಿತ್ತು; ಎಳೆ ಕುಡಿಗಳು ಬಾಡಿ ತಲೆ ಇಳಿಬಿಟ್ಟವು, ಗಿಡ ಅಷ್ಟಕ್ಕೇ ನಿಂತುಬಿಟ್ಟಿತು.

ಲಗ್ನ ಹತ್ತಿರ ಬಂತು. ಹೂವಿನ ಮಾತು ಆಡಲು ಗದ್ವಾಲದ ಪೇಟೆಗೆ ಹೋದಳು. ಅಂಗಡಿಯ ಶರಣಯ್ಯ ಜಡೆಯ ಹೂವಾದರೆ ಧರೂರಿನದೇ ಆಗಬೇಕು, ಈ ಸಲ ಅಲ್ಲಿ ಒಬ್ಬರ ಹೊಲ ಭರ್ತಿ ಕೊಟ್ಟಿದೆ ಎಂದು ಬುಟ್ಟಿಯ ಒದ್ದೆ ಬಟ್ಟೆ ಎತ್ತಿದ. ದುಂಡಗೆ, ಬಿಗಿಯಾಗಿ, ಒಂದೇ ಅಳತೆಯ ಮೊಗ್ಗು. ಯಾರ ಹೊಲ ಎಂದು ಕೇಳಿದಳು. ನಾರಾಯಣಪೇಟೆಯ ಉದಯಕುಮಾರ ಅಂತ, ಕಾರ್ತಿಕದಲ್ಲಿ ಗಿಡ ಮೋಟಾಗಿ ಕೊಯ್ದು ಒಣಗಿಸುತ್ತಾರೆ, ನೋಡಿದವರು ಸತ್ತೇ ಹೋಯಿತು ಅನ್ನಬೇಕು ಎಂದ ಶರಣಯ್ಯ. ಭುವನೇಶ್ವರಿ ಒಂದು ಮೊಗ್ಗು ಎತ್ತಿ ಅಂಗೈಯಲ್ಲಿಟ್ಟು ನೋಡಿ, ಮತ್ತೆ ಬುಟ್ಟಿಗೆ ಹಾಕಿದಳು. ಹೂವಿನ ಮಾತು ಆಡದೆ ಊರಿಗೆ ಬಂದಳು.

ಬಂದವಳು ಗೋಡೆಯ ಆಚೆ ಹೋದಳು. ಉದಯಕುಮಾರ ಊಟಕ್ಕೆ ಕೂತಿದ್ದ. ಅವಳು ನಿಂತೇ, ಜಡೆಗೆ ಹೂವು ಬೇಕು ಎಂದಳು. ಅವನು ತುತ್ತು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದ. ಎಷ್ಟು ಎಂದಷ್ಟೇ ಕೇಳಿದ.

ಮದುವೆಯ ದಿನ ಬೆಳಗಿಗೇ ಬುಟ್ಟಿ ಬಂತು. ಭುವನೇಶ್ವರಿ ಮೇಲಿನ ಸಾಲಿನ ಕೆಳಗೆ ಕೈ ಹಾಕಿ, ತಳದ ಮೊಗ್ಗು ಬಾಡಿದೆಯೋ ಎಂದು ನೋಡಿದಳು. ಬಾಡಿರಲಿಲ್ಲ. ತಾನು ಹಾಗೆ ನೋಡಿದ್ದನ್ನು ಮೈದುನ ಕಂಡನೇ ಎಂದು ತಲೆ ಎತ್ತಿದಳು, ಕಂಡಿದ್ದ. ಅವನು ಮುಖ ತಿರುಗಿಸಿ ಚಪ್ಪರದ ಕಡೆ ಹೋದ.

ಜಡೆ ಹೆಣೆದು ಮುಗಿಯುವ ಹೊತ್ತಿಗೆ ಬೀಗಿತಿ ಬಸವೇಶ್ವರಿ ತನ್ನ ಕಡೆಯ ಹೆಂಗಸರನ್ನು ಕರೆದುಕೊಂಡು ಒಳಗೆ ಬಂದಳು. ಸೊಸೆಯ ಬೆನ್ನ ಮೇಲಿನ ಜಡೆಯನ್ನು ಕೈಯಲ್ಲಿ ತೂಗಿ ನೋಡಿ, ಜೊತೆಯವರಿಗೆ ಯರಗೇರಾದ ಕಥೆ ಹೇಳಲು ಶುರುಮಾಡಿದಳು. ನಡುವೆ ನಿಲ್ಲಿಸಿ ಭುವನೇಶ್ವರಿಯ ಕಡೆ ತಿರುಗಿದಳು.

"ಇವು ಅದೇ ಗಿಡದವು ಹೌದಲ್ರೀ?"

ಹೌದು ಅಂದರೆ ಮುಗಿಯುತ್ತಿತ್ತು. ಅಂಗಳದ ಗಿಡಕ್ಕೆ ಚಪ್ಪರದ ಮರೆ ಇತ್ತು. ಅನುರಾಧಾ ಕನ್ನಡಿಯಲ್ಲಿ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಅಲ್ರೀ," ಎಂದಳು ಭುವನೇಶ್ವರಿ. "ಧರೂರಿನವು. ನಮ್ಮ ಮೈದುನನ ತ್ವಾಟದವು. ಗಿಡ ಈ ಸಲ ಬಿಡಲಿಲ್ಲ. ನಾನೇ ಕೆಡಿಸಿದೆ."

ಬಸವೇಶ್ವರಿ ಇರಲಿ ಬಿಡ್ರಿ ಎಂದು ಜಡೆಯನ್ನು ಮೆಲ್ಲಗೆ ಬೆನ್ನ ಮೇಲೆ ಇಳಿಬಿಟ್ಟಳು. ಹೊರಗೆ ವಾಲಗದ ಸದ್ದು ಶುರುವಾಯಿತು. ಅನುರಾಧಾ ಧರೂರಿನ ಮಲ್ಲಿಗೆ ಮುಡಿದು ಎದ್ದು ಮಂಟಪಕ್ಕೆ ನಡೆದಳು. ಶಿವಬಸಮ್ಮನಿಗೆ ಭುವನೇಶ್ವರಿ ಕೊಟ್ಟ ಮಾತು ಮುರಿಯಿತು.